ಮೆಟ್ಟಿಲಿಗೆ ನೀರು ಹಾಕಿದವರು ಯಾರು?

ಎರಡು ವಾರದ ಹಿಂದೆ ಲಂಡನ್ನಿನಲ್ಲಿ ಹಿಮ ಬಿತ್ತು. ನನ್ನ ಹೆಂಡತಿಯೂ ಬಿದ್ದಳು.

ಹಿಮ ಭಾನುವಾರ ಮಧ್ಯಾಹ್ನದಿಂದ ಬೀಳುತ್ತಿತ್ತು. ಹೆಂಡತಿ ಬಿದ್ದದ್ದು ಸೋಮವಾರ ಬೆಳಿಗ್ಗೆ ಏಳೂವರೆಗೆ, ಕೆಂಟನ್‌ನ ನಮ್ಮ ಮನೆಯ ಮುಂಬಾಗಿಲ ಮೆಟ್ಟಿಲ ಮೇಲೆ. ವೀಣಾ ಮೂಳೆ ಡಾಕ್ಟರು. ಹಿಮ ಬಿದ್ದ ಮರುದಿನ ಮೂಳೆ ಡಾಕ್ಟರಿಗೆ ಯುಗಾದಿಯ ದಿನ ಹೋಳಿಗೆ ಮಾಡುವವರಿಗಿರುವಷ್ಟೇ ಕೆಲಸ. ಊರಿಗೆ ಊರೇ ಜಾರುತ್ತದೆ, ಕೈ ಊರುತ್ತದೆ, ಮಣಿಕಟ್ಟು ಮುರಿದುಕೊಳ್ಳುತ್ತದೆ. ಅದಕ್ಕೇ ಅವಳು ಒಂದು ಗಂಟೆ ಮುಂಚೆ ಹೊರಟಿದ್ದಳು. ಬಾಗಿಲು ತೆಗೆದಳು, ಕಾಲಿಟ್ಟಳು, ಹೋದಳು.

ಗಾಳಿಯಲ್ಲಿರುವಾಗಲೇ, ತನ್ನ ಯಾವ ಮೂಳೆ ಮುರಿಯಲಿದೆ ಎಂದು ಲ್ಯಾಟಿನ್ನಿನಲ್ಲಿ ಹೇಳಿದಳು ಎಂದು ನನ್ನ ನೆನಪು. (ಅವಳು ಹೇಳಿದ್ದು ‘ಅವ್ವಾ’ ಎಂದಷ್ಟೇ ಅಂತೆ. ನಾನು ಆಗ ಹಾಸಿಗೆಯಲ್ಲಿದ್ದೆ. ಆದರೂ ಅವಳು ಬೀಳುವುದನ್ನು ಕಣ್ಣಾರೆ ಕಂಡ ನೆನಪು ನನಗಿದೆ. ಹೇಗೆ? ಕೇಳಬೇಡಿ. ಇಡೀ ವಾರದ ಕಥೆ ಅದೇ.)

ಹಿಮ ಎಷ್ಟಿತ್ತು? ವೀಣಾ ಪ್ರಕಾರ ನಾಲ್ಕು ಇಂಚು. ನಾನು ಮೈಸೂರಿಗೆ ಫೋನಿನಲ್ಲಿ ಹೇಳಿದ ಪ್ರಕಾರ ಮೊಣಕಾಲುದ್ದ. ಲಂಡನ್ನಿಗೆ ನಾಲ್ಕು ಇಂಚೂ ಪ್ರಳಯವೇ. ರೈಲು ನಿಂತಿತು, ಬಸ್ಸು ಬೆಟ್ಟದ ಬುಡದಲ್ಲಿ ಕೂತುಬಿಟ್ಟಿತು, ಟೀವಿಯವನು ಹಿಮಕ್ಕೆ ಸ್ಕೇಲು ಚುಚ್ಚಿ ‘ನೋಡಿ, ಸ್ಕೇಲು’ ಎಂದ. ಬೇರೆ ಕಡೆ ಅಂಗಡಿಗಳಲ್ಲಿ ಬ್ರೆಡ್ ಖಾಲಿಯಾಯಿತಂತೆ. ನಮ್ಮವರೇ ತುಂಬಿರುವ ಕೆಂಟನ್‌ನಲ್ಲಿ ಹಸಿಮೆಣಸಿನಕಾಯಿ ಖಾಲಿಯಾಯಿತು.

ಮೆಟ್ಟಿಲಿಗೆ ಬರೋಣ. ಕೂಗು ಕೇಳಿ ಓಡಿಬಂದು ಬಾಗಿಲಲ್ಲಿ ನಿಂತರೆ, ಬೀದಿಯೆಲ್ಲ ಹತ್ತಿಯ ಹಾಗೆ ಮೆತ್ತಗೆ ಬಿದ್ದ ಹಿಮ. ನಮ್ಮ ಮನೆಯ ಮೂರು ಮೆಟ್ಟಿಲು ಮಾತ್ರ ಗಾಜು. ಅಷ್ಟು ನುಣುಪಾದ ಮಂಜುಗಡ್ಡೆಯನ್ನು ನಾನು ದುಡ್ಡು ಕೊಟ್ಟು ನೋಡಿದ ಸ್ಕೇಟಿಂಗ್ ಮೈದಾನದಲ್ಲೂ ಕಂಡಿಲ್ಲ. ಕೆಳಗೆ ವೀಣಾ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು.

“ಇಲ್ಲೆ ನೀರು ಯಾರು ಹಾಕ್ಯಾರ?” ಎಂದಳು. ಧಾರವಾಡದವಳು. ಮೂಳೆ ಮುರಿದರೂ ತನಿಖೆ ಮೊದಲು.

ನಾನು ಯೋಚಿಸಲೇ ಇಲ್ಲ. “ಅತ್ತೆ ಥಳಿ ಹೊಡೆದಿರಬೇಕು” ಎಂದೆ.

ಯೋಚಿಸುವ ಅಗತ್ಯವೇನಿತ್ತು? ನಮ್ಮ ಅತ್ತೆ ಗೋದಾಬಾಯಿ ಹನ್ನೊಂದು ವರ್ಷದಿಂದ ನಮ್ಮ ಜತೆ ಇದ್ದಾರೆ. ಹನ್ನೊಂದು ವರ್ಷವೂ ದಿನಾ ಬೆಳಿಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ, ಅಂಗೈಯಗಲ ರಂಗೋಲಿ ಹಾಕಿಯೇ ಒಳಗೆ ಬರುವುದು. ಅವರ ಕಡೆ ಅದಕ್ಕೆ ಥಳಿ ಹೊಡೆಯುವುದು ಎನ್ನುತ್ತಾರೆ. ಲಂಡನ್ನಿನ ಮಳೆ ಮೆಟ್ಟಿಲನ್ನು ಆಗಲೇ ಹತ್ತು ಸಲ ತೊಳೆದಿದ್ದರೂ ಇವರು ಹನ್ನೊಂದನೆಯ ಸಲ ನೀರು ಹಾಕಿಯೇ ಹಾಕುತ್ತಾರೆ. ಆಕಾಶದ ನೀರು ಲೆಕ್ಕಕ್ಕಿಲ್ಲ.

ಹೊರಗೆ ಮೈನಸ್ ಮೂರು. ನೀರು ಹಾಕಿದರೆ ಏನಾಗುತ್ತದೆ? ನಾನು ಗ್ರೀನ್‌ಫರ್ಡಿನ ಶಾಲೆಯೊಂದರಲ್ಲಿ ಫಿಸಿಕ್ಸ್ ಮೇಷ್ಟರು. ಏನಾಗುತ್ತದೆ ಎಂದು ಒಂಬತ್ತನೇ ಕ್ಲಾಸಿಗೆ ಹದಿನೆಂಟು ವರ್ಷದಿಂದ ಹೇಳಿಕೊಡುತ್ತಿದ್ದೇನೆ.

ಎದುರು ಮನೆಯ ಹಸ್ಮುಖ್‌ಭಾಯಿ ತಮ್ಮ ಕಾರಿನಲ್ಲಿ ವೀಣಾಳನ್ನು ಆಸ್ಪತ್ರೆಗೆ ಒಯ್ದರು. ಗಂಟೆಗೆ ಐದು ಮೈಲಿ ವೇಗ. ದಾರಿಯುದ್ದಕ್ಕೂ ಅವರದೊಂದೇ ಮಾತು: “ಬಾಗಿಲ ಮುಂದಿನ ಹಿಮ ಮುಟ್ಟಬಾರದು ಮಾಸ್ಟರ್‌ಜಿ. ಮುಟ್ಟದಿದ್ದರೆ ಬಿದ್ದವನದು ತಪ್ಪು. ಮುಟ್ಟಿದರೆ ನಮ್ಮದು. ಕೇಸ್ ಹಾಕ್ತಾರೆ!” (ಈ ಕಾನೂನು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಆದರೆ ನಮ್ಮ ಬೀದಿಯ ಮಟ್ಟಿಗೆ ಅದೇ ಸಂವಿಧಾನ.) ಆಸ್ಪತ್ರೆಯಲ್ಲಿ ವೀಣಾ ತಾನು ಜೋಡಿಸಬೇಕಿದ್ದ ಮಣಿಕಟ್ಟುಗಳ ಸಾಲಿನಲ್ಲೇ ತನ್ನ ಮಣಿಕಟ್ಟು ಹಿಡಿದು ಕೂತಳು. ಪಕ್ಕದಲ್ಲಿದ್ದ ಮೂವರಿಗೆ ಯಾವ ಮೂಳೆ ಹೋಗಿದೆ ಎಂದು ನೋಡಿಯೇ ಹೇಳಿದಳು. ಮೂರೂ ಸರಿಯಾಗಿತ್ತು.

ಸಂಜೆ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ವೀಣಾ ತಾಯಿಯನ್ನು ಕೇಳಿದಳು. ಮೆತ್ತಗೇ ಕೇಳಿದಳು.

“ಅವ್ವಾ, ಮುಂಜಾನೆ ಹೊರಗ ನೀರು ಹಾಕಿದ್ಯೇನು?”

“ನಾ ಎಲ್ಲೆ ಹಾಕೇನಿ? ಕಿಟಿಕ್ಯಾಗಿಂದ ನೋಡಿದೆ. ದೇವರು ತಾನ ಥಳಿ ಹೊಡದು, ತಾನ ರಂಗೋಲಿ ಹಾಕಿದ್ದ. ನಾ ಯಾಕ ನಡುವ ಕೈ ಹಾಕ್ಲಿ?”

“ನೆನಪ ಮಾಡ್ಕೋ.”

“ಹಾಕದ್ದನ್ನ ಹ್ಯಾಂಗ ನೆನಪ ಮಾಡ್ಕೊಳ್ಳಿ?”

ಒಳ್ಳೆಯ ಪ್ರಶ್ನೆ. ಹದಿನಾರರ ಮಗಳು ಅದಿತಿ ಅಜ್ಜಿಯ ಭುಜ ಹಿಡಿದು, “ಅಜ್ಜಿ, ಇಟ್ಸ್ ಓಕೆ. ನೋಬಡಿ ಈಸ್ ಬ್ಲೇಮಿಂಗ್ ಯು” ಎಂದಳು. ಅದನ್ನೇ ಮಾಡುತ್ತಿರುವಾಗ ಎಲ್ಲರೂ ಹೇಳುವ ಮಾತು. ನಾನಂತೂ ಊಟದ ಟೇಬಲ್ಲಿನಲ್ಲಿ ಹತ್ತು ನಿಮಿಷ ನೀರು ಹೆಪ್ಪುಗಟ್ಟುವ ಬಗೆ ಕುರಿತು ಪಾಠ ಮಾಡಿದೆ. ಎರಡು ಚಮಚ ಮತ್ತು ಒಂದು ಮಜ್ಜಿಗೆ ಲೋಟ ಬಳಸಿ.

ಬೈದಿದ್ದರೆ ಅತ್ತೆ ಬೈದು ಮುಗಿಸುತ್ತಿದ್ದರು. ಆದರೆ ವೀಣಾ ಬೈಯಲಿಲ್ಲ. ರಾತ್ರಿ ನನಗೆ ಹೇಳಿದಳು: “ನೀರು ಹಾಕಿದ್ದಕ್ಕ ಅಲ್ಲ. ಹಾಕಿದ್ದು ಅಕೀಗೆ ನೆನಪಿಲ್ಲ, ಅದಕ್ಕ ನನಗ ಹೆದರಿಕಿ.”

ಎಪ್ಪತ್ತಾರು ವರ್ಷ. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಗ್ಯಾಸ್ ಒಲೆ. ಡಾಕ್ಟರ ಮನೆಯಲ್ಲಿ ಹೆದರಿಕೆ ಹುಟ್ಟಿದರೆ ಅದು ಮಲಗಿ ಏಳುವುದರೊಳಗೆ ಪಟ್ಟಿಯಾಗುತ್ತದೆ. ಒಂದು, ನಾವಿಲ್ಲದಾಗ ಒಲೆ ಹಚ್ಚುವಂತಿಲ್ಲ. ಎರಡು, ಜಿ.ಪಿ. ಹತ್ತಿರ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ, ಮರೆವಿನ ಪರೀಕ್ಷೆ. ಮೂರು, ಪರೀಕ್ಷೆ ಆಗುವ ತನಕ ಅವರ ಬಸ್ ಪಾಸ್ ಡ್ರಾಯರಿನಲ್ಲಿ.

ಮೂರನೆಯದು ದೊಡ್ಡದು. ಪ್ರತಿ ಗುರುವಾರ ಅತ್ತೆ ಎರಡು ಬಸ್ಸು ಬದಲಿಸಿ ಒಬ್ಬರೇ ಸೌತ್‌ಹಾಲ್‌ಗೆ ಹೋಗುತ್ತಾರೆ. ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಉಣ್ಣೆ ಟೋಪಿ, ಕೈಯಲ್ಲಿ ಗಾಲಿಯ ಚೀಲ. ಪಂಜಾಬಿ ಅಂಗಡಿಯವನ ಹತ್ತಿರ ಮೆಂತ್ಯ ಸೊಪ್ಪಿಗೆ ಧಾರವಾಡ ಕನ್ನಡದಲ್ಲಿ ಚೌಕಾಸಿ, ಅವನು ಪಂಜಾಬಿಯಲ್ಲಿ ಉತ್ತರ. ಇಬ್ಬರಿಗೂ ಎಲ್ಲ ತಿಳಿಯುತ್ತದೆ. ಆಮೇಲೆ ಲೈಬ್ರರಿಯ ಮುಂದಿನ ಬೆಂಚಿನಲ್ಲಿ ವಿಜಯಪುರದ ಒಬ್ಬಾಕೆ, ಕಲಬುರಗಿಯ ಒಬ್ಬಾಕೆ, ಇವರು. ಮೂವರೂ ಸೇರಿ ಸೊಸೆ, ಮಗಳು, ಅಳಿಯಂದಿರನ್ನು ವಿಚಾರಣೆಗೆ ತೆಗೆದುಕೊಳ್ಳುತ್ತಾರೆ. ವಾರದ ಉಳಿದ ಆರು ದಿನ ಅವರು ನಮ್ಮ ಮನೆಯಲ್ಲಿರುತ್ತಾರೆ. ಗುರುವಾರ ಮಾತ್ರ ಲಂಡನ್ನಿನಲ್ಲಿರುತ್ತಾರೆ.

ಮೊದಲ ಗುರುವಾರ ಹಿಮದ ನೆಪ ಇತ್ತು. ಬಸ್ಸೇ ಇರಲಿಲ್ಲ. ಡ್ರಾಯರಿನ ವಿಷಯ ಯಾರೂ ಎತ್ತಲಿಲ್ಲ.

ಈ ನಡುವೆ ನಾನು ಏನು ಮಾಡುತ್ತಿದ್ದೆ? ಶಾಲೆಗೆ ರಜೆ. ಫೋನ್ ಮಾಡುತ್ತಿದ್ದೆ. ಮೈಸೂರು, ಧಾರವಾಡ, ಬೆಳಗಾವಿ, ಬರ್ಮಿಂಗ್‌ಹ್ಯಾಮ್: ಒಟ್ಟು ಒಂಬತ್ತು ಮನೆಗಳಿಗೆ ಕಥೆ ಹೇಳಿದೆ. ಎಂಥ ಕಥೆ! ಮೈನಸ್ ಮೂರರಲ್ಲಿ ಥಳಿ ಹೊಡೆದ ಅತ್ತೆ, ಅದರ ಮೇಲೆ ಜಾರಿದ ಮೂಳೆ ಡಾಕ್ಟರು ಮಗಳು. ಮೊದಲ ಫೋನಿನಲ್ಲಿ ‘ಅತ್ತೆ ನೀರು ಹಾಕಿರಬೇಕು’ ಎಂದಿತ್ತು. ಎರಡನೆಯದಕ್ಕೆ ಅವರು ಹಾಕಿಯೇ ಬಿಟ್ಟರು. ಮೂರನೆಯದಕ್ಕೆ ಕೈಗೆ ತಾಮ್ರದ ತಂಬಿಗೆ ಬಂತು. ಐದನೆಯ ಫೋನಿನಲ್ಲಿ, ಯಾಕೋ ಚಿತ್ರ ಸಪ್ಪೆ ಎನಿಸಿ, ಬಿಳಿಯ ಹಿಮದ ಎದುರಿಗೆ ಹಸಿರು ಇಳಕಲ್ ಸೀರೆ ಉಡಿಸಿದೆ. ಚೆನ್ನಾಗಿ ಒಪ್ಪಿತು. ಆಮೇಲಿನ ನಾಲ್ಕೂ ಮನೆಗೆ ಸೀರೆ ಸಮೇತ ಹೋಯಿತು.

ಸುಳ್ಳು ಹೇಳಿದೆನೆ? ಇಲ್ಲ ಎಂದು ಆಣೆ ಮಾಡಬಲ್ಲೆ. ಅಷ್ಟು ಹೊತ್ತಿಗೆ ನನಗೆ ಅದು ಕಾಣುತ್ತಿತ್ತು. ಬಗ್ಗಿದ ಬೆನ್ನು, ಹಸಿರು ಸೆರಗು, ತಂಬಿಗೆಯಿಂದ ಏಳುವ ಹಬೆ.

ಎರಡನೆಯ ವಾರ ವೀಣಾ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ನಡೆಸಿದಳು. (ಮಿದುಳು ಅವಳ ವಿಭಾಗವಲ್ಲ. ಆದರೆ ಒಂದು ಕೈ ಖಾಲಿ ಇದ್ದ ಡಾಕ್ಟರು ಸುಮ್ಮನೆ ಕೂರುವುದಿಲ್ಲ.)

“ಅವ್ವಾ, ಇವತ್ತು ಯಾವ ವಾರ?”

“ಸೋಮವಾರ. ನಿನ್ನ ಕೈ ಮುರದು ಎಂಟ ದಿನಾ ಆತು.”

“ಈ ದೇಶದ ಪ್ರಧಾನಮಂತ್ರಿ ಯಾರು?”

“ಮುಂಜಾನೆ ರೇಡಿಯೋ ಕೇಳಿಲ್ಲ. ಕೇಳಿ ಹೇಳ್ತೇನಿ. ಅವಸರದಾಗ ಹೇಳಿ ತಪ್ಪಾಗೂದು ಬ್ಯಾಡ.”

“ನೂರರಾಗ ಏಳೇಳು ಕಳಕೋತ ಹೋಗು.”

ಅತ್ತೆ ಬಟಾಣಿ ಸುಲಿಯುತ್ತಲೇ ಹೊರಟರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಅದಿತಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ಅವರ ಹಿಂದೆ ಓಡಿ ಅರವತ್ತರ ಹತ್ತಿರ ಹಿಂದುಳಿದಳು. ಅತ್ತೆ ನಿಂತದ್ದು ಕೊನೆಯಲ್ಲಿ. “ಇನ್ನ ಎರಡ ಉಳೀತು. ಏನ ಮಾಡ್ಲಿ, ಇಟಗೊಳ್ಳೋ ಒಗೀಲೋ?”

ನನಗೆ ಸಮಾಧಾನವಾಯಿತು. ವೀಣಾಗೆ ಆಗಲಿಲ್ಲ. “ಹಳೇ ಲೆಕ್ಕ ಉಳೀತದ. ಹೊಸಾ ನೆನಪ ಮೊದಲ ಹೋಗ್ತದ” ಎಂದಳು. ಪರೀಕ್ಷೆಯಲ್ಲಿ ಪಾಸಾದದ್ದೂ ರೋಗದ ಲಕ್ಷಣವೇ! ಈ ಕಟಕಟೆಯಿಂದ ಯಾರು ಪಾರಾಗಬಲ್ಲರು?

ಬುಧವಾರ ಮಧ್ಯಾಹ್ನ ಹಸ್ಮುಖ್‌ಭಾಯಿ ನನ್ನನ್ನು ಬೀದಿಗೆ ಅಡ್ಡಲಾಗಿ ಕೈಬೀಸಿ ಕರೆದರು. ಅವರ ಮನೆಯ ಕರೆಗಂಟೆಗೆ ಕ್ಯಾಮೆರಾ ಇದೆ. ಹಿಮದ ದಿನ ಅವರ ಕಸದ ಡಬ್ಬದ ಮುಚ್ಚಳ ಕಾಣೆಯಾಗಿತ್ತು. ಕಳ್ಳನನ್ನು ಹುಡುಕಲು ಹಳೆಯ ವಿಡಿಯೋಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದರಂತೆ.

“ಮಾಸ್ಟರ್‌ಜಿ, ಏಕ್ ಮಿನಿಟ್. ಯು ಮಸ್ಟ್ ಸೀ ದಿಸ್.”

ನೋಡಿದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಇನ್ನೂ ಎಂಟು ನಿಮಿಷ. ನಮ್ಮ ಬಾಗಿಲು ತೆರೆಯುತ್ತದೆ. ಒಬ್ಬ ಗಂಡಸು ಹೊರಬರುತ್ತಾನೆ. ಒಂಟಿಕೊಂಬಿನ ಕುದುರೆಯ ಟೋಪಿಯಿರುವ ಗುಲಾಬಿ ಯುನಿಕಾರ್ನ್ ಗೌನ್ ತೊಟ್ಟಿದ್ದಾನೆ. ಕೈಯಲ್ಲಿ ಕೆಟಲ್. ಮೆಟ್ಟಿಲಿನ ಹಿಮದ ಮೇಲೆ ಬಿಸಿನೀರು ಸುರಿಯುತ್ತಾನೆ. ಒಳಗೆ ಹೋಗುತ್ತಾನೆ. ಮತ್ತೆ ಬರುತ್ತಾನೆ, ಮತ್ತೊಂದು ಕೆಟಲ್. ಮೂರನೆಯದೂ ಆಯಿತು. ಹಿಮ ಕರಗಿ ಮೆಟ್ಟಿಲು ಫಳಫಳ. ಆತ ಸೊಂಟದ ಮೇಲೆ ಕೈಯಿಟ್ಟು ತನ್ನ ಕೆಲಸ ಮೆಚ್ಚುತ್ತಾನೆ. ಯಾರೂ ಇಲ್ಲದ ಬೀದಿಗೆ ಹೆಬ್ಬೆರಳು ಎತ್ತಿ ತೋರಿಸುತ್ತಾನೆ. ಬಾಗಿಲು ಹಾಕಿಕೊಳ್ಳುತ್ತಾನೆ.

ನಾನೇ. ಹದಿನೆಂಟು ವರ್ಷದ ಫಿಸಿಕ್ಸು.

ಅಲ್ಲೇ ನಿಂತು ನೆನಪನ್ನು ಕೆದಕಿದೆ. ಎದ್ದಿದ್ದೆ, ಹೌದು, ಶಾಲೆಗೆ ರಜೆಯ ಸಂದೇಶ ಬಂದಿದೆಯೇ ಎಂದು ನೋಡಲು. ಚಳಿಗೆ ಕೈಗೆ ಸಿಕ್ಕ ಗೌನ್ ಹಾಕಿಕೊಂಡಿದ್ದೆ. ಕೆಟಲ್ ಹಾಕಿದ್ದೂ ನೆನಪಿದೆ. ಆದರೆ ನನ್ನ ನೆನಪಿನಲ್ಲಿ ನಾನು ಟೀ ಮಾಡಿಕೊಂಡು ಕುಡಿದು ಮತ್ತೆ ಮಲಗಿದ್ದೆ. ಶುಂಠಿ ಹಾಕಿದ ಟೀ. ಆ ಟೀಯ ರುಚಿ ಈಗಲೂ ನಾಲಿಗೆಯ ಮೇಲಿದೆ. ಕುಡಿಯದೇ ಇದ್ದ ಟೀ!

“ಹೇಳಿದ್ದೆನಲ್ಲ, ಮುಟ್ಟಬೇಡಿ ಅಂತ” ಎಂದರು ಹಸ್ಮುಖ್‌ಭಾಯಿ. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಡಿಲೀಟ್ ಕರ್ ದೂಂ? ಭಾಭಿಗೆ ಹೇಳೋದಿಲ್ಲ” ಎಂದರು.

ತಕ್ಷಣ ‘ಬೇಡ’ ಎಂದೆ ಎಂದು ಬರೆಯಲು ಎಷ್ಟು ಆಸೆ! ಇಲ್ಲ. ಅವರ ಸೋಫಾದಲ್ಲಿ ಕೂತು ಎರಡು ಕಪ್ ಟೀ ಕುಡಿದೆ (ನಿಜವಾದ ಟೀ, ಸಾಕ್ಷಿಗಳಿದ್ದಾರೆ). ಒಂಬತ್ತು ಮನೆಗಳು ಕಣ್ಣ ಮುಂದೆ ಬಂದವು. ಪ್ಲಾಸ್ಟರಿನ ಕೈ ಬಂತು. ಮಜ್ಜಿಗೆ ಲೋಟದ ಪಾಠ ಬಂತು. ಕೊನೆಗೆ, “ನನಗೆ ಕಳಿಸಿ, ನಾಳೆ ಹೇಳ್ತೀನಿ” ಎಂದು ಹೇಡಿಯ ಉತ್ತರ ಕೊಟ್ಟು ಮನೆಗೆ ಬಂದೆ. ಸಂಜೆ ಹೇಳಲಿಲ್ಲ. ಊಟವಾದ ಮೇಲೂ ಹೇಳಲಿಲ್ಲ. ಪರೀಕ್ಷೆ ಹೇಗೂ ಮಂಗಳವಾರ, ಅತ್ತೆ ಹೇಗೂ ಪಾಸಾಗುತ್ತಾರೆ, ಪಾಸ್ ಹೇಗೂ ವಾಪಸ್ ಬರುತ್ತದೆ, ಯಾರಿಗೆ ನಷ್ಟ? ಹೀಗೆ.

ಗುರುವಾರ ಬಂತು. ಬಿಸಿಲು. ಹಿಮ ಕರಗಿ ಬಸ್ಸುಗಳು ಸಲೀಸಾಗಿ ಓಡುತ್ತಿದ್ದವು. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟು, ಅಲ್ಲಿ ಕಲಿಸುವ ನಾನೂ ಅಲ್ಲೇ ಓದುವ ಅದಿತಿಯೂ ಮನೆಯಲ್ಲೇ. ಒಂಬತ್ತು ಗಂಟೆಗೆ ಅತ್ತೆ ಕೋಟು, ಟೋಪಿ, ಗಾಲಿಯ ಚೀಲದೊಂದಿಗೆ ಹಾಲಿಗೆ ಬಂದು ವೀಣಾಳ ಮುಂದೆ ಕೈ ಚಾಚಿದರು.

“ಪಾಸ್ ಕೊಡು.”

“ಅವ್ವಾ, ಮಂಗಳವಾರ ಡಾಕ್ಟರ್ ನೋಡ್ಲಿ. ಆಮ್ಯಾಲೆ ಹೋಗೀಯಂತ.”

ಜಗಳಕ್ಕೆ ಕಾದೆ. ನಮ್ಮ ಅತ್ತೆ ಹವಾಮಾನ ವರದಿಯ ಜತೆಗೂ ಜಗಳ ಆಡುವವರು. ಅವರು ಆಡಲಿಲ್ಲ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತರು.

“ನಾನ ಹಾಕಿರಬೇಕು ಬಿಡು” ಎಂದರು.

“ಇರ್ಲಿ ಅವ್ವಾ.”

“ಅಲ್ಲ, ಮೊದಲ ನನಗ ಖಾತ್ರಿ ಇತ್ತು. ನೀವು ಮೂರೂ ಮಂದಿ ಅಂತೀರಿ. ಬೆಳಗಾವಿಯಿಂದ ಫೋನ್ ಮಾಡಿದವರೂ ಅಂದ್ರು. ಈಗ ಎರಡ ದಿನದಿಂದ ನನಗೂ ಹಾಕಿಧಂಗ ಅನಸಲಿಕ್ಕತ್ತದ. ಹಸರ ಸೀರಿ ಉಟಗೊಂಡಿದ್ದೆ ನೋಡು. ಥಂಡಿಗೆ ಸೆರಗ ಹೊತಗೊಂಡು ಬಗ್ಗಿ ಹಾಕೀನಿ. ಕಾಣಸ್ತದ ನನಗ.”

ಹಸಿರು ಸೀರೆ!

ಐದನೆಯ ಫೋನಿನಲ್ಲಿ ನಾನು ಉಡಿಸಿದ್ದು. ಬೆಳಗಾವಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ಈಗ ಅವರ ತಲೆಯೊಳಗೆ ಹೊಕ್ಕು ಕೂತಿತ್ತು. ಆ ವಾರ ನಮ್ಮ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ನೆನಪು ಒಂದೇ ಒಂದು. ಅದನ್ನೂ ನಾನು ಕೆಡಿಸಿಬಿಟ್ಟಿದ್ದೆ.

“ನೀವಲ್ಲ ಅತ್ತೆ, ನಾನು” ಎಂದೆ. ಅವರು ಅದನ್ನು ಅಳಿಯನ ಸೌಜನ್ಯ ಎಂದುಕೊಂಡು, “ಇರ್ಲಿ ಬಿಡ್ರಿ, ನೀವ್ಯಾಕ ಮ್ಯಾಲೆ ಹಾಕೋತೀರಿ” ಎಂದರು. ಬೇರೆ ದಾರಿ ಇರಲಿಲ್ಲ. ಫೋನ್ ತೆಗೆದು ವಿಡಿಯೋ ಹಾಕಿ ಟೇಬಲ್ಲಿನ ಮೇಲಿಟ್ಟೆ.

ಮೊದಲು ಮಾತಾಡಿದವಳು ಅದಿತಿ. “ಅಪ್ಪಾ! ಈಸ್ ದಟ್ ಮೈ ಯುನಿಕಾರ್ನ್ ಗೌನ್?”

ವೀಣಾ ಮೂರು ಕೆಟಲ್ಲುಗಳನ್ನೂ ನೋಡಿದಳು. ಹೆಬ್ಬೆರಳು ಎತ್ತುವ ಜಾಗಕ್ಕೆ ಬಂದಾಗ ತನ್ನ ಪ್ಲಾಸ್ಟರನ್ನೊಮ್ಮೆ ನೋಡಿಕೊಂಡಳು. ಆಮೇಲೆ ನನ್ನನ್ನು. “ಫಿಸಿಕ್ಸ್” ಎಂದಳು. ಅಷ್ಟೇ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಒಂದೇ ಪದದಲ್ಲಿ ಅಷ್ಟು ಬೈಗುಳ ನಾನು ಕೇಳಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಅದಿತಿಗೆ, “ಮತ್ತೊಮ್ಮೆ ಹಚ್ಚು” ಎಂದರು. ಇನ್ನೊಮ್ಮೆ ಹಚ್ಚಿಸಿದರು. ಮೂರನೆಯ ಸಲ ನೋಡುವಾಗ ಅವರ ಬೆನ್ನು ನೆಟ್ಟಗಾಗಿತ್ತು.

“ವೀಣಾ, ನೋಡಿಲ್ಲೆ. ಥಳಿ ಹೊಡೀಲಿಕ್ಕೂ ಬರೂದಿಲ್ಲ ಇವ್ರಿಗೆ. ಎಲ್ಲಾ ಒಂದ ಕಡೆ ಸುರೀತಾರ!”

ವೀಣಾ ಎಡಗೈಯಲ್ಲಿ ಡ್ರಾಯರ್ ಎಳೆದು ಪಾಸ್ ತೆಗೆದಳು. ತಾಯಿಯ ಕೈಯಲ್ಲಿಟ್ಟು ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಕ್ಷಮೆ ಗಿಮೆ ಎಂಬ ಪದಗಳನ್ನು ನಮ್ಮ ಮನೆಯಲ್ಲಿ ಬಳಸುವುದಿಲ್ಲ. “ಜಿ.ಪಿ.ಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡ್ತೀನಿ” ಎಂದಳು.

“ಖೋಡಿ, ಕ್ಯಾನ್ಸಲ್ ಯಾಕ ಮಾಡ್ತಿ?” ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಹನ್ನೊಂದ ವರ್ಷದಾಗ ಇಷ್ಟ ಲಗೂ ಅಪಾಯಿಂಟ್‌ಮೆಂಟ್ ಯಾರಿಗೆ ಸಿಕ್ಕದ? ಸಿಕ್ಕದ್ದನ್ನ ಬಿಡಬಾರದು. ಹೆಸರಷ್ಟ ಬದಲಿ ಮಾಡಸ್ರಿ.”

ಟೋಪಿ ಹಾಕಿಕೊಂಡು ಹೊರಟರು. ಆ ದಿನ ಸೌತ್‌ಹಾಲ್‌ನ ಬೆಂಚಿನ ಮೇಲೆ ವಿಚಾರಣೆಗೆ ಬಂದ ಪ್ರಕರಣ ಯಾವುದು ಎಂದು ಬೇರೆ ಹೇಳಬೇಕೆ? ಸಂಜೆ ಬರುವಾಗ ಅವರ ಚೀಲದಲ್ಲಿ ಮೆಂತ್ಯ, ಮುಖದಲ್ಲಿ ತೀರ್ಪು.

ನಾನು ಒಂಬತ್ತೂ ಮನೆಗಳಿಗೆ ಮತ್ತೆ ಫೋನ್ ಮಾಡಿದೆ. ತಪ್ಪು ನನ್ನದು, ನೀರು ನನ್ನದು, ಸೀರೆ ಇರಲೇ ಇಲ್ಲ ಎಂದೆ. ಬರ್ಮಿಂಗ್‌ಹ್ಯಾಮಿನವರಿಗೆ ನಿರಾಸೆ. “ಮೊದಲಿಂದು ಛೊಲೋ ಇತ್ತಲ್ರೀ” ಎಂದರು. ಬೆಳಗಾವಿಯವರು ನಂಬಲೇ ಇಲ್ಲ. “ಅತ್ತಿ ಮಾನ ಉಳಸ್ಲಿಕ್ಕೆ ತಮ್ಮ ಮ್ಯಾಲೆ ಹಾಕೊಳ್ಳಿಕ್ಕತ್ತಾರ. ಇಂಥಾ ಅಳಿಯ ಯಾರಿಗೆ ಸಿಗ್ತಾನ!” ಎಂದು ಹೊಗಳಿದರು. ವಿಡಿಯೋ ಕಳಿಸುತ್ತೇನೆ ಎಂದೆ. ಗೌನ್ ನೆನಪಾಗಿ ಕಳಿಸಲಿಲ್ಲ.

ಇನ್ನೂ ಒಂದು ಮಾತು, ಹೇಳಲು ನಾಚಿಕೆಯಾಗುತ್ತದೆ. ಆ ವಿಡಿಯೋವನ್ನು ಇಷ್ಟು ಸಲ ನೋಡಿದ ಮೇಲೂ, ಕಣ್ಣು ಮುಚ್ಚಿ ಆ ಬೆಳಗನ್ನು ನೆನೆದರೆ ಮೆಟ್ಟಿಲ ಮೇಲೆ ಕಾಣುವುದು ಹಸಿರು ಇಳಕಲ್ ಸೀರೆಯೇ. ನಾನು ಎಲ್ಲೂ ಇಲ್ಲ. ನಾನು ಒಳಗೆ ಶುಂಠಿ ಟೀ ಕುಡಿಯುತ್ತಿದ್ದೇನೆ.

ಮಂಗಳವಾರ ಹತ್ತೂವರೆಗೆ ನನ್ನ ಪರೀಕ್ಷೆ. ಆ ದಿನ ನನಗೆ ನೆನಪು ಮಾಡಿಕೊಡುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ.